ಪ್ರೈಮ್95: ರಾಯಚೂರಿನ ಒಂದು ಬೇಸಿಗೆ ಓಡಿಸಿದ ಮೇಲೆ

2ರ ಯಾವುದೋ ಘಾತಕ್ಕಿಂತ 1 ಕಡಿಮೆಯಿರುವ ದೊಡ್ಡ ಅವಿಭಾಜ್ಯ ಸಂಖ್ಯೆಗಳನ್ನು ಹುಡುಕುವ ಜಿಂಪ್ಸ್ ಯೋಜನೆಯ ಉಚಿತ ತಂತ್ರಾಂಶವಾದ ಪ್ರೈಮ್95 ಅನ್ನು ಕಳೆದ ಬೇಸಿಗೆಯಿಂದ ರಾಯಚೂರಿನ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಹಗಲಿರುಳು ಓಡಿಸುತ್ತಿದ್ದೇನೆ. ಜಾರ್ಜ್ ವೋಲ್ಟ್‌ಮನ್ ಅವರು 1996ರಲ್ಲಿ ಆರಂಭಿಸಿದ ಈ ಯೋಜನೆಯಲ್ಲಿ ಯಾರು ಬೇಕಾದರೂ ಸೇರಬಹುದು. ಪದವಿ ತರಗತಿಗಳಿಗೆ ಗಣಿತ ಹೇಳುವ ನನಗೆ ಇದಕ್ಕಿಂತ ಒಳ್ಳೆಯ ಬೋಧನಾ ಸಾಧನ ಇದುವರೆಗೆ ಸಿಕ್ಕಿಲ್ಲ.

2024ರ ಅಕ್ಟೋಬರಿನಲ್ಲಿ ಇದೇ ಯೋಜನೆಯಡಿ ಲ್ಯೂಕ್ ಡ್ಯುರಾಂಟ್ ಅವರು ಗ್ರಾಫಿಕ್ಸ್ ಕಾರ್ಡುಗಳ ನೆರವಿನಿಂದ ಕಂಡುಹಿಡಿದ ಅವಿಭಾಜ್ಯವು 2ರ 136279841ನೇ ಘಾತಕ್ಕಿಂತ 1 ಕಡಿಮೆ. ಅದರಲ್ಲಿ 4,10,24,320 ಅಂಕಿಗಳಿವೆ. ದ್ವಿಮಾನ ಪದ್ಧತಿಯಲ್ಲಿ ಬರೆದರೆ ಮೊದಲಿನಿಂದ ಕೊನೆಯವರೆಗೆ ಬರೀ 1. ಇಷ್ಟು ದೊಡ್ಡ ಸಂಖ್ಯೆಯ ಬಿಡಿ ಸ್ಥಾನದ ಅಂಕಿಯನ್ನು ಮಾತ್ರ ಬಾಯಿಲೆಕ್ಕದಲ್ಲೇ ಹೇಳಬಹುದು: 2ರ ಘಾತಗಳು 2, 4, 8, 6 ಎಂದು ಸುತ್ತುತ್ತವೆ, ಇಲ್ಲಿನ ಘಾತಸೂಚಿಯನ್ನು 4ರಿಂದ ಭಾಗಿಸಿದರೆ 1 ಉಳಿಯುತ್ತದೆ, ಆದ್ದರಿಂದ ಈ ಸಂಖ್ಯೆ 1ರಲ್ಲಿ ಮುಗಿಯುತ್ತದೆ.

ಘಾತಸೂಚಿ ಅವಿಭಾಜ್ಯವಾದ ಮಾತ್ರಕ್ಕೆ ಸಂಖ್ಯೆಯೂ ಅವಿಭಾಜ್ಯವಾಗುವುದಿಲ್ಲ. 2ರ 11ನೇ ಘಾತದಲ್ಲಿ 1 ಕಳೆದರೆ 2047. ಅದು 23 ಮತ್ತು 89ರ ಗುಣಲಬ್ಧ. ಈ ಎರಡು ಅಪವರ್ತನಗಳನ್ನೂ 22ರಿಂದ ಭಾಗಿಸಿದರೆ ಶೇಷ 1 ಬರುವುದು ಆಕಸ್ಮಿಕವಲ್ಲ. ಘಾತಸೂಚಿ ಬೆಸ ಅವಿಭಾಜ್ಯವಾಗಿರುವ ಇಂಥ ಸಂಖ್ಯೆಯ ಯಾವುದೇ ಅಪವರ್ತನವನ್ನು ಘಾತಸೂಚಿಯ ಎರಡರಷ್ಟರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಸಣ್ಣ ಅಪವರ್ತನಗಳನ್ನು ಹುಡುಕುವಾಗ ತಂತ್ರಾಂಶ ಈ ಗುಣವನ್ನೇ ನೆಚ್ಚಿಕೊಂಡಿದೆ. ಅಪವರ್ತನ ಸಿಗದಿದ್ದರೆ, ಸಂಖ್ಯೆ ಬಹುಶಃ ಅವಿಭಾಜ್ಯವೇ ಎಂದು ನೋಡುವ ಫರ್ಮಾ ಪರೀಕ್ಷೆ; ಅದರಲ್ಲಿ ಗೆದ್ದ ಸಂಖ್ಯೆಗೆ ಕೊನೆಯ ಮುದ್ರೆ ಒತ್ತುವುದು ಲ್ಯೂಕಾ–ಲೆಹ್ಮರ್ ಪರೀಕ್ಷೆ. ಅದನ್ನು ತರಗತಿಯ ಕಪ್ಪು ಹಲಗೆಯ ಮೇಲೆ 127ಕ್ಕೆ, ಅಂದರೆ 2ರ 7ನೇ ಘಾತದಲ್ಲಿ 1 ಕಳೆದ ಸಂಖ್ಯೆಗೆ, ಮಾಡಿ ತೋರಿಸಿದೆ. 4ರಿಂದ ಹೊರಟು, ಪ್ರತಿ ಸಲ ವರ್ಗ ಮಾಡಿ, 2 ಕಳೆದು, 127ರಿಂದ ಭಾಗಿಸಿ ಶೇಷ ಉಳಿಸಿಕೊಂಡರೆ 14, 67, 42, 111, ಕೊನೆಗೆ 0. ಘಾತಸೂಚಿಗಿಂತ 2 ಕಡಿಮೆ ಸಲ, ಇಲ್ಲಿ 5 ಸಲ, ಮಾಡಿದಾಗ ಸೊನ್ನೆ ಬಂದರೆ ಅವಿಭಾಜ್ಯ. ಇದೇ ಲೆಕ್ಕವನ್ನು ಹದಿಮೂರು ಕೋಟಿ ಅರವತ್ತೆರಡು ಲಕ್ಷಕ್ಕೂ ಹೆಚ್ಚು ಸಲ, ಒಂದೂ ತಪ್ಪದೆ ಮಾಡಿದರೆ ಡ್ಯುರಾಂಟ್ ಅವರ ಸಂಖ್ಯೆಗೂ ಸೊನ್ನೆಯೇ ಬರುತ್ತದೆ ಎಂದಾಗ ಹಿಂದಿನ ಬೆಂಚಿನ ಹುಡುಗರೂ ತಲೆಯೆತ್ತಿ ನೋಡಿದರು.

ಒಂದೂ ತಪ್ಪದೆ ಎನ್ನುವುದು ನಮ್ಮೂರಿನ ಏಪ್ರಿಲ್ ತಿಂಗಳಲ್ಲಿ ಸುಲಭದ ಮಾತಲ್ಲ. ಒಂದು ಮಧ್ಯಾಹ್ನ, ಧೂಳು ಕಟ್ಟಿದ ಫ್ಯಾನಿನಿಂದಾಗಿ ನನ್ನ ಸಿಪಿಯು ಕಾದು ಲೆಕ್ಕ ತಪ್ಪಿತು. ತಂತ್ರಾಂಶ ತನ್ನೊಳಗಿನ ತಾಳೆಯಿಂದ ಅದನ್ನು ಕಂಡುಹಿಡಿದು, ಸರಿಯೆಂದು ಖಚಿತವಾಗಿದ್ದ ಹಿಂದಿನ ಹಂತಕ್ಕೆ ಮರಳಿ, ಅಲ್ಲಿಂದ ಮತ್ತೆ ಲೆಕ್ಕ ಹಿಡಿಯಿತು. ಕರೆಂಟು ಹೋದರೂ ಚಿಂತೆಯಿಲ್ಲ. ಅರ್ಧ ಗಂಟೆಗೊಮ್ಮೆ ಲೆಕ್ಕವನ್ನು ಉಳಿಸಿಕೊಳ್ಳುತ್ತದೆ. ಈ ಎಚ್ಚರಕ್ಕಾಗಿಯೇ ನನಗೆ ಇದರ ಮೇಲೆ ಗೌರವ.

ಮೆನುಗಳೆಲ್ಲ ಇಂಗ್ಲಿಷಿನಲ್ಲಿವೆ, ಕಲಿಯಲು ಒಂದು ಸಂಜೆ ಸಾಕು. ಹಳೆಯ ಲ್ಯಾಪ್‌ಟಾಪಿನಲ್ಲಿ ಓಡಿಸಬೇಡಿರೆಂದು ನನ್ನ ಸಲಹೆ. ಡೆಸ್ಕ್‌ಟಾಪ್ ಇದ್ದವರು ಯುಗಾದಿಗೆ ಮೊದಲೇ ಫ್ಯಾನಿನ ಧೂಳು ತೆಗೆಸಿ, ಇದರಲ್ಲೇ ಇರುವ ಯಂತ್ರದ ತಾಳಿಕೆಯ ಪರೀಕ್ಷೆಯನ್ನು ಒಂದು ರಾತ್ರಿ ನಡೆಸಿ, ಆಮೇಲೆ ಸೇರಿಕೊಳ್ಳಿ. ನಾನು ಪರೀಕ್ಷಿಸಿದ ಮೂರು ಸಂಖ್ಯೆಗಳೂ ಸಂಯುಕ್ತವೆಂದು ತೀರ್ಮಾನವಾದವು. ನಾಲ್ಕನೆಯದು ಈಗ ಓಡುತ್ತಿದೆ.