ಅಮ್ಮನ ಬೆನ್ನಿನೊಳಗಿನ ಬಿಳಿ ಸಿಮೆಂಟ್

ಬದಿಯಡ್ಕದ ನಮ್ಮ ಅಂಗಳದಲ್ಲಿ ಜುಲೈ ತಿಂಗಳ ಹಾವಸೆಗೆ ಕಾಲು ಜಾರಿ ಅಮ್ಮ ಕುಕ್ಕರಿಸಿ ಬಿದ್ದರು. ವಯಸ್ಸು 76. ಒಂದೂವರೆ ತಿಂಗಳು ಬೆಲ್ಟು, ಮಾತ್ರೆ, ಎಣ್ಣೆ ಎಲ್ಲ ಆಯಿತು. ಮಗ್ಗುಲು ಬದಲಿಸುವಾಗ ಕೂಗುವುದು ಮಾತ್ರ ನಿಲ್ಲಲಿಲ್ಲ. ಕಡೆಗೆ ತಲಪಾಡಿ ದಾಟಿ ಮಂಗಳೂರಿನ ಆಸ್ಪತ್ರೆಯೊಂದಕ್ಕೆ ಕರೆದುಕೊಂಡು ಹೋದೆ. (ನಮ್ಮದು ಕೇರಳ, ತಲಪಾಡಿ ದಾಟಿದರೆ ಕರ್ನಾಟಕ. 2020ರಲ್ಲಿ ಕೊರೊನಾ ಅಂತ ಗಡಿರಸ್ತೆಗೆ ಮಣ್ಣು ಸುರಿದು ಮುಚ್ಚಿದ್ದನ್ನು ಕಂಡವರು ನಾವು. ರೋಗಿಯನ್ನು ಕೂರಿಸಿಕೊಂಡು ತಲಪಾಡಿ ದಾಟುವಾಗ ಈಗಲೂ ಎದೆ ಒಮ್ಮೆ ಡವ್ ಅನ್ನುತ್ತದೆ.)

ಎಂಆರ್‌ಐ ನೋಡಿ, ಬೆನ್ನುಮೂಳೆಯ ಸಾಲಿನಲ್ಲಿ ಟಿ12 ಎಂಬ ಮೂಳೆ ಕುಸಿದಿದೆ, ಗಾಯ ಇನ್ನೂ ಹಸಿಯಾಗಿದೆ, ವರ್ಟೆಬ್ರೊಪ್ಲಾಸ್ಟಿ ಮಾಡಬಹುದು ಎಂದರು. ಕೊಯ್ಯುವುದಿಲ್ಲ, ಸೂಜಿ ಇಳಿಸಿ ಮೂಳೆಯೊಳಗೆ ಸಿಮೆಂಟ್ ತುಂಬುವುದು. ಅಮ್ಮ ಕೇಳಿದ್ದು ಒಂದೇ: “ಹಾಗಾದ್ರೆ ಏಳು ದಿನ ನೀರು ಹಾಕಬೇಡವಾ ಡಾಕ್ಟ್ರೇ?”

ಡಾಕ್ಟ್ರು ಮುಚ್ಚುಮರೆ ಮಾಡಲಿಲ್ಲ. 2009ರಲ್ಲಿ ಬಂದ ಎರಡು ಅಧ್ಯಯನಗಳಲ್ಲಿ, ಸಿಮೆಂಟ್ ಹಾಕಿದಂತೆ ನಟಿಸಿ ಬರೀ ಚುಚ್ಚಿ ಕಳಿಸಿದವರಿಗೂ ನೋವು ಹೆಚ್ಚುಕಡಿಮೆ ಅಷ್ಟೇ ಇಳಿದಿತ್ತು ಎಂದು ಅವರೇ ಹೇಳಿದರು. ಹೇಳದೇ ಇದ್ದರೂ ನಮಗೇನು ಗೊತ್ತಾಗುತ್ತಿತ್ತು? ಅದಕ್ಕೇ ಒಪ್ಪಿದೆ.

ಈ ಸಿಮೆಂಟ್ ಪಿಎಂಎಂಎ, ಅಂದರೆ ಹಲ್ಲುಸೆಟ್ಟಿನ ಗುಲಾಬಿ ವಸಡಿನ ಜಾತಿಯ ಅಕ್ರಿಲಿಕ್. ಪುಡಿಗೆ ದ್ರವ ಕಲಸಿದರೆ ಕೆಲವೇ ನಿಮಿಷದಲ್ಲಿ ಬಿಸಿಯೇರಿ ಗಟ್ಟಿಯಾಗುತ್ತದೆ. ತೊಂದರೆ ಏನೆಂದರೆ ಬರೀ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ. ಎಲ್ಲಿಗೆ ಹರಿಯಿತೆಂದು ಕಾಣದೆ ತಳ್ಳಿದರೆ ನರದ ಕಾಲುವೆಗೋ ರಕ್ತನಾಳಕ್ಕೋ ನುಗ್ಗಬಹುದು, ರಕ್ತದ ಜೊತೆ ಶ್ವಾಸಕೋಶದವರೆಗೂ ಹೋಗಬಹುದು. ಅದಕ್ಕೆ ಪುಡಿಯಲ್ಲಿ ಎಕ್ಸ್‌ರೇಗೆ ಬೆಳ್ಳಗೆ ಕಾಣುವ ಬೇರಿಯಂ ಸಲ್ಫೇಟ್ ಬೆರೆಸಿರುತ್ತಾರೆ. ಸೊಂಟದ ಕೀಲಿಗೆ ಬಳಸುವುದರಲ್ಲಿ ಶೇಕಡಾ 10ರ ಆಸುಪಾಸು ಇದ್ದರೆ, ಬೆನ್ನಿನದರಲ್ಲಿ 30ರ ಹತ್ತಿರ.

ಬೇರಿಯಂ ಸಲ್ಫೇಟ್ ಅಂದ ಕೂಡಲೇ ನನ್ನ ಕಿವಿ ನೆಟ್ಟಗಾಯಿತು. ನಾನು ಹಳೇ ಸ್ಟುಡಿಯೋದವ, ಡಾರ್ಕ್‌ರೂಮಿನಲ್ಲಿ ಬೆರಳು ಹಳದಿ ಮಾಡಿಕೊಂಡವ. ಹಿಂದಿನ ಫೈಬರ್ ಫೋಟೋ ಪೇಪರಿನಲ್ಲಿ ಚಿತ್ರ ಮೂಡುವ ಎಮಲ್ಷನ್ ಪದರದ ಅಡಿಗೆ ಬಳಿಯುತ್ತಿದ್ದ ಬಿಳಿ ಇದೇ. ಮದುಮಗಳ ಮುಡಿಯ ಮಲ್ಲಿಗೆ ಅಷ್ಟು ಬೆಳ್ಳಗೆ ಬರುತ್ತಿದ್ದುದು ಅದರ ದೆಸೆಯಿಂದ. ಅದೇ ಬಿಳಿ ಈಗ ಅಮ್ಮನ ಬೆನ್ನೊಳಗೆ!

ಮುಗಿದ ಮೇಲೆ ಡಾಕ್ಟ್ರು ನನ್ನನ್ನು ಕರೆದು ಸಿ-ಆರ್ಮ್‌ನ (ಸೂಜಿ ಇಳಿಸುವಾಗಲೇ ಒಳಗಿನದನ್ನು ತೋರಿಸುವ ಎಕ್ಸ್‌ರೇ ಯಂತ್ರ) ಚಿತ್ರಗಳನ್ನು ಸ್ಕ್ರೀನಿನಲ್ಲಿ ತೋರಿಸಿದರು. ಬೂದು ಮೂಳೆ, ಅದರೊಳಗೆ ಬಿಳಿ ಮುದ್ದೆ ಚಿತ್ರದಿಂದ ಚಿತ್ರಕ್ಕೆ ದೊಡ್ಡದಾಗುತ್ತದೆ. ಕೊನೆಯ ಎರಡರಲ್ಲಿ ಮೇಲಂಚಿನಿಂದ ನೂಲಿನಷ್ಟು ಬಿಳಿ ಹೊರಗೆ ಇಣುಕಿತ್ತು. “ಡಿಸ್ಕಿಗೆ ಚೂರು ಜಿನುಗಿದೆ, ಕಂಡ ಕೂಡಲೇ ನಿಲ್ಲಿಸಿದೆ” ಎಂದರು. ಡಿಸ್ಕ್ ಅಂದರೆ ಎರಡು ಮೂಳೆಗಳ ನಡುವಿನ ಮೆತ್ತೆ. ಆ ನೂಲು ಕಾಣದೇ ಹೋಗಿದ್ದರೆ ಇನ್ನೂ ಎಷ್ಟು ತಳ್ಳುತ್ತಿದ್ದರೋ.

ಸಂಜೆಗೆ ಅಮ್ಮ ಗೋಡೆ ಹಿಡಿಯದೆ ಬಾತ್‌ರೂಮಿಗೆ ಹೋಗಿ ಬಂದರು. ಚುಚ್ಚಿದ್ದರಿಂದಲೋ ಸಿಮೆಂಟಿನಿಂದಲೋ, ನಾನು ವಾದ ಮಾಡಲಾರೆ. ಈ ಕೆಲಸಕ್ಕೆ ಐದಕ್ಕೆ ಐದು.

ದಾಖಲೆ ಕೊಟ್ಟ ರೀತಿಗೆ ಮಾತ್ರ ಎರಡೇ. ಬಿಲ್ಲಿನಲ್ಲಿ ‘ಸಿಮೆಂಟ್ ಕಿಟ್’ ಅಂತ ಒಂದು ಸಾಲು. ಯಾವ ಕಂಪನಿಯದು, ಯಾವ ಬ್ಯಾಚ್ ಎಂದು ಕೇಳಿದರೆ ಸ್ಟಿಕ್ಕರ್ ಫೈಲಿನಲ್ಲಿದೆ ಎಂದು ಕೌಂಟರಿನಿಂದ ಕೌಂಟರಿಗೆ ಓಡಿಸಿದರು. ಅದಕ್ಕಿಂತ ಹೊಟ್ಟೆ ಉರಿದದ್ದು ಎಕ್ಸ್‌ರೇ ಕಂಡು. ಫಿಲ್ಮ್ ಇಲ್ಲ, ಬರೀ ತೆಳು ಕಾಗದದ ಪ್ರಿಂಟ್. ಬಿಳಿ ಎಲ್ಲ ಸುಟ್ಟುಹೋಗಿ ಮೂಳೆಯೂ ಸಿಮೆಂಟೂ ಒಂದೇ ಗಂಟು, ಆ ನೂಲು ಮಾಯ. ನನ್ನ ಸ್ಟುಡಿಯೋದಲ್ಲಿ ಹುಡುಗರು ಇಂಥ ಪ್ರಿಂಟ್ ತೆಗೆದಿದ್ದರೆ ಹರಿದು ಬುಟ್ಟಿಗೆ ಹಾಕುತ್ತಿದ್ದೆ.

ಜಗಳ ಮಾಡಿ, ಬೇರೆ ದುಡ್ಡು ಕೊಟ್ಟು ಸಿಡಿ ತಂದೆ. ಅದರಲ್ಲಿ ನೂಲು ಸ್ಪಷ್ಟವಾಗಿದೆ. ಆದರೆ ನಮ್ಮೂರ ಡಾಕ್ಟ್ರ ಕಂಪ್ಯೂಟರಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ. ಹಾಗಾಗಿ ಮುಂದಿನ ಸೋಮವಾರ ಅಮ್ಮನ ಜೊತೆ ಸ್ಟುಡಿಯೋದ ಹಳೇ ಲ್ಯಾಪ್‌ಟಾಪನ್ನೂ ಆಟೋ ಹತ್ತಿಸಬೇಕು.