ನಾನ್‌ಸ್ಟಿಕ್ ತವಾ ಖಾಲಿ ಕಾಯಿಸಬೇಡಿ, ಮನೆಯಲ್ಲಿ ಹಕ್ಕಿ ಇದ್ದರಂತೂ ಬೇಡವೇ ಬೇಡ

ಮನೆಯಲ್ಲಿ ಲವ್ ಬರ್ಡ್ಸ್, ಕಾಕಟೀಲ್, ಫಿಂಚ್ ಏನಾದರೂ ಸಾಕಿದ್ದೀರಾ? ಅಡುಗೆಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಇದೆಯಾ? ಹಾಗಿದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ಹಕ್ಕಿ ಇಲ್ಲದವರೂ ಓದಿ. ನಮ್ಮನೆಯ ಎರಡು ಲವ್ ಬರ್ಡ್ಸ್ ಒಂದೇ ಬೆಳಿಗ್ಗೆ ಸತ್ತವು. ಅಂದು ಸಂಜೆ ಅಮ್ಮನೂ ಚಳಿಜ್ವರ ಬಂದು ಮಲಗಿದರು.

ಅಪ್ಪನಿಗೆ ಕೊಲೆಸ್ಟ್ರಾಲ್ ಜಾಸ್ತಿ ಇದೆ, ಎಣ್ಣೆ ಕಡಿಮೆ ಮಾಡಿ ಅಂತ ಡಾಕ್ಟರ್ ಹೇಳಿದ್ದರು. ಒಂದು ಟೀ ಚಮಚ ಎಣ್ಣೆಯಲ್ಲಿ ಸುಮಾರು 40 ಕ್ಯಾಲೊರಿ ಇರುತ್ತದೆ. ದೋಸೆಗೊಂದು ಚಮಚ ಬಿಟ್ಟರೂ ಬೆಳಗಿನ ತಿಂಡಿಯಲ್ಲೇ ಎಷ್ಟಾಗುತ್ತದೆ ಲೆಕ್ಕ ಹಾಕಿ. ಹಾಗಾಗಿ ನಾನ್‌ಸ್ಟಿಕ್ ತಗೊಳ್ಳೋಣ ಅಂತ ಮನೆಯಲ್ಲಿ ಎಲ್ಲರೂ ಒಪ್ಪಿದೆವು. ವಸ್ತುಪ್ರದರ್ಶನದ ಒಂದು ಮಳಿಗೆಯಲ್ಲಿ ತವಾ, ಬಾಣಲೆ, ಪಡ್ಡಿನ ಕಾವಲಿ ಎಲ್ಲ ಸೇರಿದ ಸೆಟ್ ಸಿಕ್ಕಿತು. ಮಾರುವವನು ಎಣ್ಣೆಯೇ ಇಲ್ಲದೆ ಮೊಟ್ಟೆ ಒಡೆದು ಹಾಕಿ, ತವಾ ಓರೆ ಮಾಡಿ, ತಟ್ಟೆಗೆ ಜಾರಿಸಿ ತೋರಿಸಿದ. "ಒಂದು ಹನಿ ಎಣ್ಣೆಯೂ ಬೇಡ ಅಮ್ಮಾ. ನಿಮ್ಮ ಕಬ್ಬಿಣದ ಕಾವಲಿ ಕಾಯಿಸ್ತೀರಲ್ಲ, ಹಾಗೇ ಜೋರು ಉರಿಯಲ್ಲಿ ಕಾಯಿಸಿ ಹುಯ್ಯಿರಿ" ಅಂದ.

ಅನಾಹುತ ಆಗಿದ್ದು ಈ ಮಾತಿನಿಂದಲೇ. ಕಬ್ಬಿಣದ ಕಾವಲಿಗೆ ಸರಿಯಾದ ಪದ್ಧತಿ ನಾನ್‌ಸ್ಟಿಕ್‌ಗೆ ಪೂರ್ತಿ ತಪ್ಪು. ಡಬ್ಬದಲ್ಲಿ ಬಳಸುವ ವಿಧಾನದ ಚೀಟಿಯೂ ಇರಲಿಲ್ಲ.

ಅವತ್ತು ನೀರ್ ದೋಸೆ. ನೀರ್ ದೋಸೆಗೆ ಕಾವಲಿ ಚುರುಕಾಗಿ ಕಾಯಬೇಕು, ಇಲ್ಲದಿದ್ದರೆ ಕಣ್ಣು ಬೀಳುವುದಿಲ್ಲ. ಅಮ್ಮ ಹೊಸ ತವಾವನ್ನು ದೊಡ್ಡ ಬರ್ನರ್ ಮೇಲಿಟ್ಟು, ಪಕ್ಕದಲ್ಲೇ ಕಾಯಿ ಚಟ್ನಿ ರುಬ್ಬುತ್ತಿದ್ದರು. ಹಕ್ಕಿಗಳ ಪಂಜರ ಅಡುಗೆಮನೆಗೆ ಅಂಟಿಕೊಂಡ ಯುಟಿಲಿಟಿಯಲ್ಲಿತ್ತು. ಮಳೆ ಅಂತ ಕಿಟಕಿ ಮುಚ್ಚಿದ್ದೆವು. ಹೊಗೆ ಕಾಣಲಿಲ್ಲ. ಪ್ಲಾಸ್ಟಿಕ್ ಬಿಸಿಯಾದಂಥ ತೆಳು ವಾಸನೆ ಬಂತು, ಹೊಸ ಪಾತ್ರೆ ಅಲ್ವಾ ಅಂದುಕೊಂಡೆವು. ಅಷ್ಟರಲ್ಲಿ ಗಂಡು ಹಕ್ಕಿ ಕೊಕ್ಕು ತೆರೆದು ಏದುಸಿರು ಬಿಡುತ್ತಿತ್ತು. ಉಸಿರಿನ ಜೊತೆ ಬಾಲವೂ ಮೇಲೆ ಕೆಳಗೆ ಆಡುತ್ತಿತ್ತು. ಕೋಲಿನ ಮೇಲೆ ನಿಲ್ಲಲಾಗದೆ ಕೆಳಗೆ ಬಿತ್ತು. ಹೆಣ್ಣು ಹಕ್ಕಿಯನ್ನು ಹೊರಗೆ ಗಾಳಿಗೆ ತಂದರೂ ಉಳಿಯಲಿಲ್ಲ. ಪಶುವೈದ್ಯರ ಬಳಿ ಒಯ್ದಾಗ ಅವರು ಕೇಳಿದ ಮೊದಲ ಪ್ರಶ್ನೆಯೇ "ಮನೆಯಲ್ಲಿ ನಾನ್‌ಸ್ಟಿಕ್ ಪಾತ್ರೆ ಏನಾದರೂ ಕಾಯ್ತಿತ್ತಾ?" ಅಂತ.

ಇದು ಹೇಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಮಾನ್ಯ ನಾನ್‌ಸ್ಟಿಕ್ ಲೇಪನದ ಹೆಸರು ಪಿಟಿಎಫ್‌ಇ. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ರಾಯ್ ಪ್ಲಂಕೆಟ್ ಎಂಬ ರಸಾಯನ ವಿಜ್ಞಾನಿ ಬೇರೇನೋ ಪ್ರಯೋಗ ಮಾಡುವಾಗ ಅಕಸ್ಮಾತ್ತಾಗಿ ಸಿಕ್ಕ ವಸ್ತು. ಟೆಫ್ಲಾನ್ ಅನ್ನುವುದು ಅದರ ಬ್ರಾಂಡ್ ಹೆಸರು. ಸಾಧಾರಣ ಅಡುಗೆ ಶಾಖದಲ್ಲಿ ಅದು ಯಾವುದರ ಜೊತೆಗೂ ಬೆರೆಯದೆ ಸುಮ್ಮನಿರುತ್ತದೆ. ಸುಮಾರು 260 ಡಿಗ್ರಿ ಸೆಲ್ಸಿಯಸ್ ದಾಟಿದರೆ ಲೇಪನ ಕೆಡಲು ಶುರುವಾಗುತ್ತದೆ. 350 ಡಿಗ್ರಿ ಸಮೀಪಕ್ಕೆ ಹೋದರೆ ಒಡೆದು ವಿಷದ ಅನಿಲ ಬಿಡುತ್ತದೆ. ಪಲ್ಯ, ಉಪ್ಪಿಟ್ಟು, ಸಾರು ಮಾಡುವಾಗ ನೀರಿನಂಶ ಇರುತ್ತದೆ, ಹಾಗಾಗಿ ಶಾಖ ಅಷ್ಟು ಏರುವುದಿಲ್ಲ. ಆದರೆ ತೆಳು ತವಾವನ್ನು ಖಾಲಿಯಾಗಿ ಜೋರು ಉರಿಯಲ್ಲಿಟ್ಟರೆ ಕೆಲವೇ ನಿಮಿಷದಲ್ಲಿ ಅಲ್ಲಿಗೆ ಮುಟ್ಟುತ್ತದೆ. ಇಂಡಕ್ಷನ್ ಒಲೆಯಲ್ಲಂತೂ ಇನ್ನೂ ಬೇಗ.

ಹಕ್ಕಿಗಳ ದೇಹ ಚಿಕ್ಕದು. ಶ್ವಾಸಕೋಶದ ಜೊತೆ ಗಾಳಿಚೀಲಗಳೂ ಇರುವುದರಿಂದ, ಉಸಿರು ಒಳಗೆ ಎಳೆಯುವಾಗಲೂ ಹೊರಗೆ ಬಿಡುವಾಗಲೂ ಗಾಳಿ ಅವುಗಳ ಶ್ವಾಸಕೋಶದ ಮೂಲಕ ಹಾಯುತ್ತದೆ. ಗಾಳಿಯಲ್ಲಿ ವಿಷ ಇದ್ದರೆ ನಮಗಿಂತ ಮೊದಲು ಅವೇ ಬೀಳುತ್ತವೆ. ಮನುಷ್ಯರಿಗೆ ಬರುವುದಕ್ಕೆ ಪಾಲಿಮರ್ ಫ್ಯೂಮ್ ಫೀವರ್ ಅನ್ನುತ್ತಾರೆ. ಹೊಗೆ ಕುಡಿದ ಕೆಲವು ಗಂಟೆಗಳ ಮೇಲೆ ಚಳಿ, ಜ್ವರ, ಕೆಮ್ಮು, ಎದೆ ಬಿಗಿತ. ಫ್ಲೂ ಥರಾನೇ ಇರುತ್ತದೆ, ಆದ್ದರಿಂದ ಯಾರಿಗೂ ತವಾದ ಮೇಲೆ ಅನುಮಾನ ಬರುವುದಿಲ್ಲ. ಹೆಚ್ಚಿನವರಿಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ಅಮ್ಮ ಮರುದಿನ ಎದ್ದು ಓಡಾಡಿದರು. ಆದರೆ ಉಬ್ಬಸ ಇರುವವರು ಮನೆಯಲ್ಲಿದ್ದರೆ ಹುಷಾರು. ಉಸಿರಾಡಲು ಕಷ್ಟವಾದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಖಾಲಿ ನಾನ್‌ಸ್ಟಿಕ್ ಕಾಯ್ದಿತ್ತು ಅನ್ನುವುದನ್ನು ಮರೆಯದೆ ಹೇಳಿ.

ಮಳಿಗೆಯವನಿಗೆ ಫೋನ್ ಮಾಡಿದರೆ "ಜಾಸ್ತಿ ಕಾಯಿಸಿದ್ದೀರಿ, ಅದು ವಾರಂಟಿಗೆ ಬರಲ್ಲ" ಅಂದ. ಜೋರು ಉರಿಯಲ್ಲಿ ಕಾಯಿಸಿ ಅಂದವನೇ ಅವನು! ನನಗೆ ಈಗಲೂ ಸಿಟ್ಟು ಬರುವುದು ಇದಕ್ಕೆ. ನಿಮಗೆ ಹೀಗೇನಾದರೂ ಆದರೆ ಬಿಲ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡಿ. ಬಿಲ್ ಕೊಡದ ಕಡೆ ಇಂಥ ಪಾತ್ರೆ ಕೊಳ್ಳಲೇಬೇಡಿ.

ಡಬ್ಬದ ಮೇಲೆ ದೊಡ್ಡದಾಗಿ "ಪಿಎಫ್‌ಒಎ ಫ್ರೀ" ಅಂತ ಇತ್ತು. ಅದನ್ನು ನೋಡಿ ನಾವು ಪೂರ್ತಿ ಸುರಕ್ಷಿತ ಅಂದುಕೊಂಡಿದ್ದೆವು. ಪಿಎಫ್‌ಒಎ ಅಂದರೆ ಹಿಂದೆ ಲೇಪನ ತಯಾರಿಸುವಾಗ ಬಳಸುತ್ತಿದ್ದ ಬೇರೆಯೇ ರಾಸಾಯನಿಕ. 2023ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಅದನ್ನು ಕ್ಯಾನ್ಸರ್‌ಕಾರಕ ಅಂತ ಪಟ್ಟಿ ಮಾಡಿತು. ಅದು ಇಲ್ಲದಿರುವುದು ಒಳ್ಳೆಯದೇ. ಆದರೆ ಪಿಎಫ್‌ಒಎ ಇಲ್ಲ ಅಂದ ಮಾತ್ರಕ್ಕೆ ಪಿಟಿಎಫ್‌ಇ ಇಲ್ಲ ಅಂತಲ್ಲ, ಎಷ್ಟು ಬೇಕಾದರೂ ಕಾಯಿಸಬಹುದು ಅಂತಲೂ ಅಲ್ಲ. "ಗ್ರಾನೈಟ್", "ಮಾರ್ಬಲ್" ಹೆಸರುಗಳಿಗೂ ಮರುಳಾಗಬೇಡಿ. ಬಹಳಷ್ಟು ಸಲ ಅದು ಚುಕ್ಕೆ ಚುಕ್ಕೆ ಬಣ್ಣದ ಪಿಟಿಎಫ್‌ಇ ಲೇಪನವೇ. ಸೆರಾಮಿಕ್ ಲೇಪನದಲ್ಲಿ ಪಿಟಿಎಫ್‌ಇ ಇರುವುದಿಲ್ಲ, ಈ ಅನಿಲದ ಭಯವಿಲ್ಲ. ಆದರೆ ಅದರ ಜಾರುವ ಗುಣ ಬೇಗ ಹೋಗುತ್ತದೆ. ಹಾರ್ಡ್ ಅನೊಡೈಸ್ಡ್ ಅಂದರೆ ಅಲ್ಯುಮಿನಿಯಂ ಮೈಯನ್ನು ಗಟ್ಟಿ ಮಾಡಿರುವುದು ಅಷ್ಟೇ. ಅದರ ಮೇಲೂ ನಾನ್‌ಸ್ಟಿಕ್ ಲೇಪನ ಇದೆಯೋ ಇಲ್ಲವೋ ಕೇಳಿ ತಿಳಿದುಕೊಳ್ಳಿ.

ಕೊಳ್ಳುವಾಗ ತವಾ ಕೈಯಲ್ಲಿ ಎತ್ತಿ ನೋಡಿ. ತಗಡಿನಂತೆ ಹಗುರ ಇದ್ದರೆ ಬೇಡ. ತಳ 3 ಮಿಲಿಮೀಟರ್‌ಗಿಂತ ದಪ್ಪ ಇದ್ದರೆ ಶಾಖ ಸಮನಾಗಿ ಹರಡುತ್ತದೆ, ನಡುವೆ ಮಾತ್ರ ಸೀಯುವುದಿಲ್ಲ. ಮೇಜಿನ ಮೇಲಿಟ್ಟು ಒತ್ತಿದರೆ ಅಲುಗಾಡಬಾರದು.

ಈಗ ಎಣ್ಣೆಯ ವಿಷಯ. "ಒಂದು ಹನಿಯೂ ಬೇಡ" ಅನ್ನುವುದನ್ನು ನಂಬಬೇಡಿ. ಅರ್ಧ ಚಮಚ ಎಣ್ಣೆಯನ್ನು ತಣ್ಣಗಿರುವ ತವಾಕ್ಕೇ ಸವರಿ, ಆಮೇಲೆ ಸಣ್ಣ ಅಥವಾ ಮಧ್ಯಮ ಉರಿ ಹಚ್ಚಿ. ನಾವು ಬಳಸುವ ಹೆಚ್ಚಿನ ಅಡುಗೆ ಎಣ್ಣೆಗಳು 260 ಡಿಗ್ರಿ ಮುಟ್ಟುವ ಮೊದಲೇ ಹೊಗೆ ಬಿಡುತ್ತವೆ. ಎಣ್ಣೆ ಹೊಗೆಯಾಡಿದರೆ ಶಾಖ ಮೀರುತ್ತಿದೆ ಅಂತ ಕಣ್ಣಿಗೇ ಕಾಣುತ್ತದೆ. ಖಾಲಿ ತವಾದಲ್ಲಿ ಆ ಸೂಚನೆಯೇ ಸಿಗುವುದಿಲ್ಲ. ಅರ್ಧ ಈರುಳ್ಳಿಯನ್ನು ಎಣ್ಣೆಯಲ್ಲಿ ಅದ್ದಿ ಉಜ್ಜುವ ನಮ್ಮ ಹಳೇ ಪದ್ಧತಿ ಇಲ್ಲಿಗೂ ಚೆನ್ನಾಗಿ ಒಗ್ಗುತ್ತದೆ. ಅಪ್ಪನ ಎಣ್ಣೆಯ ಲೆಕ್ಕವೂ ಕೈ ಮೀರುವುದಿಲ್ಲ. 2024ರಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೊರತಂದ ಆಹಾರ ಮಾರ್ಗಸೂಚಿ ಇನ್ನೂ ಕಟ್ಟುನಿಟ್ಟಾಗಿದೆ. ನಾನ್‌ಸ್ಟಿಕ್ ಪಾತ್ರೆಯ ಶಾಖ 170 ಡಿಗ್ರಿ ದಾಟಿದರೇ ಅಪಾಯ, ಖಾಲಿ ಪಾತ್ರೆ ಒಲೆಯ ಮೇಲೆ ಬಿಡಬೇಡಿ ಅನ್ನುತ್ತದೆ.

ಕಾವಲಿ ಕಾದಿದೆಯಾ ಅಂತ ನೀರು ಚಿಮುಕಿಸಿ ನೋಡುವ ಅಭ್ಯಾಸವನ್ನೂ ಇಲ್ಲಿ ಬಿಡಿ. ಬಿಸಿ ತವಾವನ್ನು ನಲ್ಲಿ ಕೆಳಗೆ ಹಿಡಿಯಲೂ ಬೇಡಿ, ತಳ ಸೊಟ್ಟಗಾಗುತ್ತದೆ. ಸ್ಟೀಲ್ ಸಟ್ಟುಗದ ಬದಲು ಮರದ್ದು, ಉಜ್ಜಲು ಮೆತ್ತನೆಯ ಸ್ಪಂಜು. ಒಂದರ ಮೇಲೊಂದು ಜೋಡಿಸುವಾಗ ನಡುವೆ ಬಟ್ಟೆ ಇಡಿ. ಲೇಪನ ಗೀರಿದರೆ ದೋಸೆ ಅಂಟುತ್ತದೆ. ಅಂಟಿದರೆ ಕೈ ತಾನಾಗಿ ಜಾಸ್ತಿ ಎಣ್ಣೆ ಸುರಿಯುತ್ತದೆ. ಆಮೇಲೆ ಆ ಪಾತ್ರೆ ಕೊಂಡಿದ್ದಕ್ಕೆ ಏನು ಪ್ರಯೋಜನ?

ಚಪಾತಿ, ಫುಲ್ಕಾ, ಜೋಳದ ರೊಟ್ಟಿಗೆ ನಾನ್‌ಸ್ಟಿಕ್ ಬೇಡವೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಅವುಗಳಿಗೆ ಒಣ ಶಾಖ ಬೇಕು, ಜೋರು ಉರಿ ಬೇಕು. ಅಂಗಡಿಗಳಲ್ಲಿ ನಾನ್‌ಸ್ಟಿಕ್ ಚಪಾತಿ ತವಾ ಅಂತ ಮಾರುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಬ್ಬಿಣದ ತವಾ, ಹಂಚು ಇವೆಯಲ್ಲ. ನೀರ್ ದೋಸೆಗೆ ನಾವೂ ಕಬ್ಬಿಣದ ಕಾವಲಿಗೇ ಮರಳಿದ್ದೇವೆ. ಚೆನ್ನಾಗಿ ಪಳಗಿಸಿದ ಕಾವಲಿಗೆ ಎಣ್ಣೆ ಬೇಕಾಗುವುದೂ ಸವರುವಷ್ಟೇ.

ಹಕ್ಕಿ ಸಾಕುವವರು ತವಾ ಮಾತ್ರ ನೋಡಿದರೆ ಸಾಲದು. ಸ್ಯಾಂಡ್‌ವಿಚ್ ಮೇಕರ್, ಏರ್ ಫ್ರೈಯರ್ ಬುಟ್ಟಿ, ಪಡ್ಡಿನ ಕಾವಲಿ, ಇಸ್ತ್ರಿ ಪೆಟ್ಟಿಗೆಯ ತಳ, ಇವಕ್ಕೂ ಇದೇ ಲೇಪನ ಇರಬಹುದು. ಪಂಜರ ಅಡುಗೆಮನೆಯಿಂದ ದೂರದ ಕೋಣೆಯಲ್ಲಿರಲಿ, ನಡುವಿನ ಬಾಗಿಲು ಮುಚ್ಚಿರಲಿ. ಪಾತ್ರೆ ಸೀದ ಅನುಮಾನ ಬಂದರೆ ಮೊದಲು ಒಲೆ ಆರಿಸಿ, ಹಕ್ಕಿಯನ್ನು ಹೊರಗೆ ಒಯ್ಯಿರಿ, ಕಿಟಕಿ ತೆರೆಯಿರಿ. ಆಮೇಲೆ ಕಾಯುತ್ತಾ ಕೂರದೆ ಪಶುವೈದ್ಯರ ಹತ್ತಿರ ಓಡಿ.

ಲೇಪನ ಎದ್ದ ಹಳೆಯ ತವಾ ಏನು ಮಾಡುವುದು ಅಂತ ಅಮ್ಮನ ಗೆಳತಿಯರು ಕೇಳುತ್ತಿರುತ್ತಾರೆ. ಆಕಸ್ಮಿಕವಾಗಿ ಚೂರು ಹೊಟ್ಟೆಗೆ ಹೋಗಿದ್ದರೆ ಗಾಬರಿ ಬೇಡ, ಅದು ಜೀರ್ಣವಾಗದೆ ಹಾಗೇ ಹೊರಗೆ ಹೋಗುತ್ತದೆ. ಆದರೆ ಆ ತವಾವನ್ನು ಇನ್ನು ಒಲೆಗೆ ಏರಿಸಬೇಡಿ. ಮನೆಗೆಲಸಕ್ಕೆ ಬರುವವರಿಗೂ ಕೊಡಬೇಡಿ, ಅವರ ಮನೆಯಲ್ಲೂ ಮಕ್ಕಳಿರುತ್ತಾರೆ. ಗುಜರಿಗೆ ಹಾಕಿ. ಅಲ್ಯುಮಿನಿಯಂ ಆದ್ದರಿಂದ ನಾಲ್ಕು ಕಾಸಾದರೂ ಬರುತ್ತದೆ.