ಅರ್ಥವಾಯಿತು ಎನ್ನಿಸುವ ವಿಡಿಯೊ, ಅರ್ಥ ಮಾಡಿಸುವ ವಿಡಿಯೊ

ಸ್ಲಿಂಕಿ ಎಂಬ ಸ್ಪ್ರಿಂಗ್ ಆಟಿಕೆಯ ಮೇಲ್ತುದಿಯನ್ನು ಹಿಡಿದು, ಉಳಿದದ್ದು ಕೆಳಗೆ ಜೋತುಬಿದ್ದು ಅಲುಗಾಡದೆ ನಿಂತ ಮೇಲೆ ಕೈ ಬಿಟ್ಟರೆ ಯಾವ ತುದಿ ಮೊದಲು ಬೀಳುತ್ತದೆ? ವಿಜ್ಞಾನ ಹೇಳಿಕೊಡುವ ವೆರಿಟಾಸಿಯಂ ಎಂಬ ಯೂಟ್ಯೂಬ್ ಚಾನೆಲ್‌ನ ಹಳೆಯ ವಿಡಿಯೊ ಒಂದರಲ್ಲಿ ಅದರ ಸ್ಥಾಪಕ ಡೆರೆಕ್ ಮುಲ್ಲರ್ ಎತ್ತುವ ಪ್ರಶ್ನೆ ಇದು. ಕೆಳತುದಿ ಎಂದು ನಾನು ಅನುಮಾನವಿಲ್ಲದೆ ಹೇಳಿದ್ದೆ. ನಿಧಾನಗತಿಯ ಚಿತ್ರಣದಲ್ಲಿ ಕಂಡದ್ದೇ ಬೇರೆ: ಮೇಲಿನ ಸುರುಳಿಗಳು ಒಂದರ ಮೇಲೊಂದು ಕುಸಿಯುತ್ತ ಬಂದು ತಾಕುವವರೆಗೂ ಕೆಳತುದಿ ಗಾಳಿಯಲ್ಲಿ ಇದ್ದಲ್ಲೇ ಇರುತ್ತದೆ. ಕೆಳತುದಿಯ ತೂಕವನ್ನು ಸ್ಪ್ರಿಂಗಿನ ಎಳೆತ ಸರಿದೂಗಿಸಿಕೊಂಡಿರುತ್ತದೆ. ಮೇಲೆ ಕೈ ಬಿಟ್ಟ ಸುದ್ದಿ ಸುರುಳಿಯಿಂದ ಸುರುಳಿಗೆ ಇಳಿದು ಬರುವ ತನಕ ಆ ಎಳೆತ ಬದಲಾಗುವುದಿಲ್ಲ.

ಮೊದಲು ಊಹಿಸಲು ಬಿಟ್ಟು, ಆಮೇಲೆ ವಿವರಿಸುವ ಈ ಕ್ರಮ ಆಕಸ್ಮಿಕವಲ್ಲ. ಮುಲ್ಲರ್ 2008ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದಿಂದ ಪಿಎಚ್.ಡಿ. ಪಡೆದದ್ದು ಭೌತಶಾಸ್ತ್ರವನ್ನು ವಿಡಿಯೊ ಮೂಲಕ ಕಲಿಸುವುದು ಹೇಗೆಂಬ ವಿಷಯದ ಮೇಲೆಯೇ. ನೇರವಾಗಿ, ಸ್ಪಷ್ಟವಾಗಿ ವಿವರಿಸಿದ ವಿಡಿಯೊಗಳನ್ನು ವಿದ್ಯಾರ್ಥಿಗಳು ಮೆಚ್ಚಿದರೂ ಅವರ ಅಂಕಗಳು ಹೆಚ್ಚೇನೂ ಏರಲಿಲ್ಲ. ತಪ್ಪು ಕಲ್ಪನೆಯನ್ನೇ ಮೊದಲು ಎದುರಿಗಿಟ್ಟ ವಿಡಿಯೊಗಳು ಗೊಂದಲ ಹುಟ್ಟಿಸಿದರೂ ಹೆಚ್ಚು ಕಲಿಸಿದವು. 2011ರಲ್ಲಿ ಆರಂಭವಾದ ಚಾನೆಲ್‌ನ ಮೊದಲ ವರ್ಷಗಳ ಪುಟ್ಟ ವಿಡಿಯೊಗಳಲ್ಲಿ ಈ ಪಾಠ ಎದ್ದು ಕಾಣುತ್ತದೆ. ಈಚಿನ ದೀರ್ಘ ವಿಡಿಯೊಗಳು ಇತಿಹಾಸವನ್ನು ಸೊಗಸಾಗಿ ಹೇಳುತ್ತವೆ, ನಿಜ, ಆದರೆ ನೋಡುಗನಿಗೆ ತಪ್ಪು ಮಾಡುವ ಅವಕಾಶ ಅವುಗಳಲ್ಲಿ ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಗ್ರ್ಯಾಂಟ್ ಸ್ಯಾಂಡರ್ಸನ್ 2015ರಲ್ಲಿ ಆರಂಭಿಸಿದ ತ್ರೀಬ್ಲೂ ಒನ್‌ಬ್ರೌನ್ ಗಣಿತಕ್ಕೆ ಮೀಸಲಾದ ಚಾನೆಲ್. ಚಿತ್ರಗಳನ್ನು ಚಲಿಸುವಂತೆ ಮಾಡಲು ಅವರು ತಾವೇ ಪೈಥಾನ್‌ನಲ್ಲಿ ಮ್ಯಾನಿಮ್ ಎಂಬ ತಂತ್ರಾಂಶ ಬರೆದುಕೊಂಡಿದ್ದಾರೆ. ಬೆರೆತ ಅಲೆಯನ್ನು ಅದರ ಬಿಡಿ ಕಂಪನಗಳಾಗಿ ಬೇರ್ಪಡಿಸುವ ಫೂರಿಯೆ ರೂಪಾಂತರದ ವಿಡಿಯೊದಲ್ಲಿ ಸೆಕೆಂಡಿಗೆ 3 ಸಲ ಏರಿಳಿಯುವ ಅಲೆಯೊಂದನ್ನು ವೃತ್ತದ ಸುತ್ತ ದಾರದಂತೆ ಸುತ್ತುತ್ತಾರೆ. ಸುತ್ತುವ ವೇಗವೂ ಸೆಕೆಂಡಿಗೆ 3 ಸುತ್ತನ್ನು ಮುಟ್ಟಿದೊಡನೆ ಏರುಗಳೆಲ್ಲ ಬಲಕ್ಕೂ ಇಳಿವುಗಳೆಲ್ಲ ಎಡಕ್ಕೂ ಸೇರಿಕೊಂಡು, ಅಲ್ಲಿಯವರೆಗೆ ನಡುವಿನಲ್ಲೇ ಸುಳಿದಾಡುತ್ತಿದ್ದ ದ್ರವ್ಯರಾಶಿ ಕೇಂದ್ರ, ಅಂದರೆ ಸುತ್ತಿದ ಆಕೃತಿಯ ತೂಕವೆಲ್ಲ ಸಮತೂಗುವ ಬಿಂದು, ಬಲಕ್ಕೆ ಜಿಗಿಯುತ್ತದೆ. ಇಷ್ಟು ಸುಂದರವಾಗಿ ಈ ವಿಷಯವನ್ನು ತೋರಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಆದರೂ ಮರುದಿನ ಹಾಳೆ ತೆಗೆದು ಅದನ್ನೇ ಬರೆಯಲು ಕುಳಿತಾಗ ಎರಡನೆಯ ಸಾಲಿಗೇ ಪೆನ್ನು ನಿಂತಿತು. ಅದು ವಿಡಿಯೊದ ದೋಷವಲ್ಲ, ತಡೆದು ತಡೆದು ನೋಡಬೇಕಾದದ್ದನ್ನು ಕಾಲು ಚಾಚಿಕೊಂಡು ನೋಡಿದ ನನ್ನ ದೋಷ. ಈ ಚಾನೆಲ್‌ಗೆ ಹೊಸಬರು ರೇಖೀಯ ಬೀಜಗಣಿತದ ಸರಣಿಯಿಂದ, ಕೈಯಲ್ಲಿ ಪೆನ್ಸಿಲ್ ಹಿಡಿದೇ ಆರಂಭಿಸುವುದು ಒಳ್ಳೆಯದು.

ಯಂತ್ರಗಳಲ್ಲಿ ಆಸಕ್ತಿಯುಳ್ಳವರಿಗೆ ಟೆಕ್ನಾಲಜಿ ಕನೆಕ್ಷನ್ಸ್ ಇದೆ. ಶಾಖವನ್ನು ಹುಟ್ಟಿಸದೆ ಕೇವಲ ಸಾಗಿಸುವ ಹೀಟ್ ಪಂಪಿನಂಥ ವಿಷಯವನ್ನು ಒಬ್ಬರೇ ಕ್ಯಾಮೆರಾ ಮುಂದೆ ಕುಳಿತು ಆತುರವಿಲ್ಲದೆ ಬಿಡಿಸುತ್ತಾರೆ. ಕೃತಕ ಧ್ವನಿ, ಅಬ್ಬರದ ಸಂಗೀತ, ಎಲ್ಲಿಂದಲೋ ತಂದು ಜೋಡಿಸಿದ ದೃಶ್ಯಗಳಿಂದ ದಿನಕ್ಕೊಂದು ಕಪ್ಪುಕುಳಿಯನ್ನು ಮಾರುವ ಚಾನೆಲ್‌ಗಳನ್ನು ಹೆಸರಿಸುವ ಅಗತ್ಯವಿಲ್ಲ. ಅವು ತಾವಾಗಿಯೇ ನಿಮ್ಮ ಪರದೆಗೆ ಬರುತ್ತವೆ.

ಸ್ಲಿಂಕಿಯ ವಿಷಯ ಪೂರ್ತಿ ತಿಳಿಯಿತೆಂದು ನಾನು ನೆಮ್ಮದಿಯಿಂದಿದ್ದಾಗ, ಕೆಳತುದಿಗೆ ಟೆನಿಸ್ ಚೆಂಡು ಕಟ್ಟಿದರೆ ಏನಾಗುತ್ತದೆ ಎಂಬ ಪ್ರಶ್ನೆ ಎದುರಾಯಿತು. ಚೆಂಡಿನ ಭಾರಕ್ಕೆ ಈಗಲಾದರೂ ಕೆಳಗಿನದೇ ಮೊದಲು ಬೀಳಬೇಕು ಎಂದೆ. ಚೆಂಡೂ ಇದ್ದಲ್ಲೇ ಇತ್ತು.